ಸೋಲುತ್ತಲೇ ಇರುವ ಎನ್‌ಬಿಎ ತಂಡವನ್ನು ಇಡೀ ಸೀಸನ್ ಬಿಡದೆ ನೋಡುವುದು ಹೇಗೆ? (ವಾಷಿಂಗ್ಟನ್ ವಿಜರ್ಡ್ಸ್, 2025-26)

ಕಾರ್ನರ್_ತ್ರೀ (ಮೈಸೂರು) ಕೇಳಿದ್ದು:

ಹೊಸ ಸೀಸನ್ ಶುರುವಾಗಲು ಇನ್ನು ಎರಡು ವಾರ ಇದೆ. ಈ ಸಲ ಅಮೆರಿಕದ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯ ವಾಷಿಂಗ್ಟನ್ ವಿಜರ್ಡ್ಸ್ ತಂಡವನ್ನು ಮೊದಲ ಪಂದ್ಯದಿಂದ ಏಪ್ರಿಲ್‌ವರೆಗೂ ಹಿಂಬಾಲಿಸಬೇಕು ಅಂತಿದ್ದೇನೆ. 2023-24ರಲ್ಲಿ 15 ಗೆಲುವು, 67 ಸೋಲು. 2024-25ರಲ್ಲಿ 18 ಗೆಲುವು, 64 ಸೋಲು; ಅದರಲ್ಲಿ ಸತತ 16 ಪಂದ್ಯ ಸೋತದ್ದು ಎರಡು ಸಲ. ಈ ತಂಡ ಒಂದು ಸೀಸನ್ನಿನಲ್ಲಿ 50 ಪಂದ್ಯ ಗೆದ್ದದ್ದು 1978-79ರಿಂದೀಚೆಗೆ ಇಲ್ಲ. ಇದೆಲ್ಲ ಗೊತ್ತಿದ್ದೇ ಆರಿಸಿಕೊಂಡಿದ್ದೇನೆ, ಬೇರೆ ತಂಡ ನೋಡಿ ಅಂತ ದಯವಿಟ್ಟು ಹೇಳಬೇಡಿ.

ಆಟದ ನಿಯಮ, ಪಿಕ್ ಅಂಡ್ ರೋಲ್, ಝೋನ್ ಎಲ್ಲ ಗೊತ್ತು. ಆದರೆ ವಾರಕ್ಕೆ ಸಿಗುವುದು ನಾಲ್ಕು ಗಂಟೆ, ಹೆಚ್ಚೆಂದರೆ ಐದು. 82 ಪಂದ್ಯದಲ್ಲಿ ಯಾವುದನ್ನು ಪೂರ್ತಿ ನೋಡಲಿ, ಯಾವುದನ್ನು ಬಿಡಲಿ? 20 ಪಾಯಿಂಟಿನಿಂದ ಸೋಲುತ್ತಿರುವ ಪಂದ್ಯದಲ್ಲಿ ಕಣ್ಣು ಎಲ್ಲಿಡಬೇಕು? ಡ್ರಾಫ್ಟ್ ಲಾಟರಿಯ (ಹೊಸ ಆಟಗಾರರನ್ನು ಯಾವ ತಂಡ ಮೊದಲು ಆರಿಸಬೇಕು ಅಂತ ಚೀಟಿ ಎತ್ತುವುದು) ಲೆಕ್ಕ ಅಭಿಮಾನಿಗೆ ಎಷ್ಟರಮಟ್ಟಿಗೆ ಬೇಕು?

ಮುಂಜಾನೆ_ಟಿಪಾಫ್ (ಬೆಂಗಳೂರು):

ಮೊದಲು ಗಡಿಯಾರ. ವಾಷಿಂಗ್ಟನ್ನಿನಲ್ಲಿ ಸಂಜೆ 7ಕ್ಕೆ ಶುರುವಾಗುವ ಪಂದ್ಯ ಸೀಸನ್ನಿನ ಮೊದಲ ದಿನಗಳಲ್ಲಿ ನಮಗೆ ಬೆಳಗಿನ ಜಾವ 4:30ಕ್ಕೆ. ನವೆಂಬರ್ 2ರಂದು ಅಲ್ಲಿ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಗುತ್ತದೆ, ಅಲ್ಲಿಂದಾಚೆ 5:30. ಮಾರ್ಚ್ 8ಕ್ಕೆ ಮತ್ತೆ ಮುಂದಕ್ಕೆ ಬರುತ್ತದೆ, ಮತ್ತೆ 4:30. ತಂಡ ಪಶ್ಚಿಮ ಕರಾವಳಿಗೆ ಹೋದಾಗ ಚಳಿಗಾಲದ ರಾತ್ರಿ 7ರ ಪಂದ್ಯ ನಮಗೆ ಬೆಳಗ್ಗೆ 8:30ಕ್ಕೆ, ಅಂದರೆ ಮನೆಯಿಂದ ಹೊರಡುವ ಹೊತ್ತಿಗೆ. ಅಲ್ಲಿಯ ಮಂಗಳವಾರ ಸಂಜೆ ಅಂದರೆ ನಮ್ಮ ಬುಧವಾರ ಬೆಳಗ್ಗೆ ಅನ್ನುವುದನ್ನೂ ಮರೆಯಬೇಡಿ. ವೇಳಾಪಟ್ಟಿಯನ್ನು ಕೈಯಲ್ಲಿ ಬರೆದುಕೊಳ್ಳುವವರು ತಪ್ಪುವುದು ಇಲ್ಲೇ.

ಪಂದ್ಯ ತೋರಿಸುವ ಎನ್‌ಬಿಎಯ ಲೀಗ್ ಪಾಸ್ ಆಪ್ ಹಾಕಿಕೊಂಡ ಕೂಡಲೇ ಸೆಟ್ಟಿಂಗ್ಸಿಗೆ ಹೋಗಿ ಸ್ಕೋರ್ ಮರೆಮಾಡುವ ಆಯ್ಕೆಯನ್ನು ಆನ್ ಮಾಡಿ. ಫೋನಿನಲ್ಲಿ ಬೇರೆ ಕ್ರೀಡಾ ಆಪ್‌ಗಳ ನೋಟಿಫಿಕೇಷನ್ ಕೂಡ ನಿಲ್ಲಿಸಿ, ಇಲ್ಲದಿದ್ದರೆ ಕಾಫಿ ಕಾಯಿಸುವಷ್ಟರಲ್ಲಿ ಫಲಿತಾಂಶ ಕಣ್ಣಿಗೆ ಬಿದ್ದಿರುತ್ತದೆ. ಪೂರ್ತಿ ಪಂದ್ಯಕ್ಕೆ ಎರಡೂಕಾಲು ಗಂಟೆ ಬೇಕು. ಚುಟುಕು ಆವೃತ್ತಿಯೂ ಸಿಗುತ್ತದೆ. ಆದರೆ ಅದರಲ್ಲಿ ಹೆಚ್ಚಾಗಿ ಬುಟ್ಟಿಗೆ ಬಿದ್ದ ಶಾಟ್‌ಗಳೇ ಇರುತ್ತವೆ. ಸೋಲುವ ತಂಡದ ವಿಷಯದಲ್ಲಿ ಬೀಳದ ಶಾಟ್, ಅದರ ಹಿಂದಿನ ತಪ್ಪು ಪಾಸ್, ಓಡಿ ಹಿಂದೆ ಬಾರದ ಆಟಗಾರ, ಇವೇ ಮುಖ್ಯ. ಚುಟುಕಿನಲ್ಲಿ ಅವು ಕಾಣುವುದಿಲ್ಲ.

ಹಾಗಾಗಿ ನಿಮ್ಮ ಐದು ಗಂಟೆಗೆ ನನ್ನ ಹಂಚಿಕೆ ಇದು. ವಾರಕ್ಕೆ ಒಂದು ಪಂದ್ಯ ಪೂರ್ತಿ, ಇನ್ನೊಂದರ ಮೂರನೇ ಕ್ವಾರ್ಟರ್ ಮತ್ತು ಕೊನೆಯ ಆರು ನಿಮಿಷ, ಉಳಿದವಕ್ಕೆ ಬಾಕ್ಸ್ ಸ್ಕೋರ್ (ಪಂದ್ಯದ ಅಂಕಿಗಳ ಪಟ್ಟಿ) ಮಾತ್ರ. ಪೂರ್ತಿ ನೋಡುವುದಕ್ಕೆ ಬಲಿಷ್ಠ ಎದುರಾಳಿಯನ್ನು ಆರಿಸಬೇಡಿ. ಹಿಂದಿನ ದಿನ ವಿಶ್ರಾಂತಿ ಸಿಕ್ಕಿದ್ದು, ಎದುರಾಳಿ ಸುಮಾರು ನಮ್ಮ ಮಟ್ಟದ್ದೇ ಆಗಿರುವ ಪಂದ್ಯ ಆರಿಸಿ. ಸತತ ಎರಡು ದಿನ ಆಡುವಾಗ ಎರಡನೇ ದಿನ ಕಾಲೇ ಏಳುವುದಿಲ್ಲ. ಅದನ್ನು ನೋಡಿ ತಂಡದ ಬಗ್ಗೆ ಏನೂ ತೀರ್ಮಾನಿಸಲು ಬರುವುದಿಲ್ಲ.

ಇನ್ನೊಂದು: ಬೆಳಗಿನ ಜಾವ ಏಳುವ ಮುಂಚೆ ಗಾಯಾಳುಗಳ ವರದಿ ನೋಡಿ. ಪಂದ್ಯದ ಹಿಂದಿನ ದಿನ ಅಲ್ಲಿಯ ಸಂಜೆ 5ರೊಳಗೆ ತಂಡ ಅದನ್ನು ಕೊಡಲೇಬೇಕು. ‘ಕ್ವೆಶ್ಚನಬಲ್’ ಅಂದರೆ ಅರ್ಧಕ್ಕರ್ಧ ಆಡಬಹುದು, ‘ಡೌಟ್‌ಫುಲ್’ ಅಂದರೆ ಬಹುತೇಕ ಇಲ್ಲ. ರಾತ್ರಿ 10ಕ್ಕೆ ಒಮ್ಮೆ ನೋಡಿ ಅಲಾರಂ ಇಡಿ.

ಬಾಕ್ಸೌಟ್_ಭಟ್ (ಶಿವಮೊಗ್ಗ):

ಕಣ್ಣು ಎಲ್ಲಿಡಬೇಕು ಅಂತ ಕೇಳಿದಿರಲ್ಲ, ಅದೇ ಸರಿಯಾದ ಪ್ರಶ್ನೆ. ಎಷ್ಟರಿಂದ ಸೋತರು ಅನ್ನುವುದು ಆಮೇಲಿನ ಮಾತು. ಸೋಲು ಹಳೆಯದೋ ಹೊಸದೋ, ಅದನ್ನು ನೋಡಿ. ನವೆಂಬರಿನಲ್ಲಿ ಯಾವ ತಪ್ಪಿಗೆ ಸೋತರೋ ಜನವರಿಯಲ್ಲೂ ಅದೇ ತಪ್ಪಿಗೆ ಸೋಲುತ್ತಿದ್ದರೆ ತಂಡ ನಿಂತಲ್ಲೇ ನಿಂತಿದೆ. ಸೋಲಿನ ಕಾರಣ ಬದಲಾಗುತ್ತಿದ್ದರೆ ಒಂದು ರೋಗ ವಾಸಿಯಾಗಿ ಇನ್ನೊಂದು ಮೇಲೆ ಬಂದಿದೆ. ಎಳೆಯರ ತಂಡ ಬೆಳೆಯುವುದು ಹಾಗೆಯೇ.

ಇದಕ್ಕೆ ಒಂದು ನೋಟ್‌ಬುಕ್ ಬೇಕು. ಪಂದ್ಯಕ್ಕೊಂದು ಪುಟ, ಪುಟಕ್ಕೆ ನಾಲ್ಕು ಕಾಲಂ.

ಮೊದಲನೆಯದು ಟರ್ನೋವರ್, ಅಂದರೆ ಶಾಟ್ ಹೊಡೆಯುವ ಮೊದಲೇ ಚೆಂಡು ಕಳೆದುಕೊಳ್ಳುವುದು. ಬರೀ ಎಣಿಸಬೇಡಿ, ಎರಡು ಬಗೆ ಮಾಡಿ. ಚೆಂಡು ಅಂಕಣದ ಹೊರಗೆ ಹೋದರೆ ಆಟ ನಿಲ್ಲುತ್ತದೆ, ನಮ್ಮವರು ಹಿಂದೆ ಬಂದು ನಿಲ್ಲಲು ಸಮಯ ಸಿಗುತ್ತದೆ. ಎದುರಾಳಿ ಪಾಸನ್ನು ಕಿತ್ತುಕೊಂಡರೆ ಮೂರು-ನಾಲ್ಕು ಸೆಕೆಂಡಿನಲ್ಲಿ ಆ ಕಡೆ ಲೇಅಪ್ (ಬುಟ್ಟಿಯ ಬುಡದಿಂದ ಸುಲಭದ ಶಾಟ್). 15 ಟರ್ನೋವರಿನಲ್ಲಿ 10 ಈ ಎರಡನೇ ಬಗೆಯವಾದರೆ ಆ ಪಂದ್ಯ ಡಿಫೆನ್ಸಿನಿಂದ ಸೋತದ್ದಲ್ಲ, ಪಾಸಿಂಗಿನಿಂದ ಸೋತದ್ದು.

ಎರಡನೆಯದು ಹಿಂದಕ್ಕೆ ಓಡುವುದು. ನಮ್ಮ ಶಾಟ್ ತಪ್ಪಿ ಚೆಂಡು ಎದುರಾಳಿಯ ಕೈಗೆ ಸಿಕ್ಕಿ ಅವನು ಮಧ್ಯಗೆರೆ ದಾಟುತ್ತಾನಲ್ಲ, ಆ ಕ್ಷಣಕ್ಕೆ ವಿಡಿಯೊ ನಿಲ್ಲಿಸಿ. ಚೆಂಡಿಗೂ ನಮ್ಮ ಬುಟ್ಟಿಗೂ ನಡುವೆ ನಮ್ಮ ಜರ್ಸಿ ಎಷ್ಟಿವೆ ಎಣಿಸಿ. ಮೂರು ಇದ್ದರೆ ಪರವಾಗಿಲ್ಲ. ಎರಡೇ ಇದ್ದರೆ ಹತ್ತು ಸೆಕೆಂಡ್ ಹಿಂದಕ್ಕೆ ಹೋಗಿ ಕಾರಣ ಹುಡುಕಿ. ಸಾಮಾನ್ಯವಾಗಿ ಎರಡು ಕಾರಣ: ಎರಡೂ ಕಾರ್ನರಿನಲ್ಲಿದ್ದವರು ಒಟ್ಟಿಗೆ ರೀಬೌಂಡಿಗೆ (ತಪ್ಪಿದ ಶಾಟಿನ ಚೆಂಡು ಹಿಡಿಯಲು) ನುಗ್ಗಿರುತ್ತಾರೆ, ಇಲ್ಲವೇ ಶಾಟ್ ಹೊಡೆದವನು ಚೆಂಡನ್ನೇ ನೋಡುತ್ತ ನಿಂತಿರುತ್ತಾನೆ. ಮೊದಲನೆಯದನ್ನು ಕೋಚ್ ಒಂದು ವಾರದಲ್ಲಿ ತಿದ್ದಬಹುದು. ಎರಡನೆಯದು ಅಭ್ಯಾಸದೋಷ, ತಿಂಗಳುಗಟ್ಟಲೆ ಹಿಡಿಯುತ್ತದೆ.

ಮೂರನೆಯದು ಮೂರನೇ ಕ್ವಾರ್ಟರಿನ ಮೊದಲ ಆರು ನಿಮಿಷದ ಸ್ಕೋರ್. ವಿರಾಮದಲ್ಲಿ ಎದುರಾಳಿ ಕೋಚ್ ಏನೋ ಒಂದು ಬದಲಾಯಿಸಿರುತ್ತಾರೆ. ನಮ್ಮವರು ಅದನ್ನು ಎಷ್ಟು ಬೇಗ ಗುರುತಿಸುತ್ತಾರೆ ಅನ್ನುವುದು ಇಲ್ಲಿ ತಿಳಿಯುತ್ತದೆ. ಡೆಟ್ರಾಯ್ಟ್ ಪಿಸ್ಟನ್ಸ್ 2023ರ ಡಿಸೆಂಬರ್ 28ರಂದು ಬಾಸ್ಟನ್ನಿನಲ್ಲಿ ಅರ್ಧ ಪಂದ್ಯಕ್ಕೆ 19 ಪಾಯಿಂಟ್ ಮುಂದಿತ್ತು. ಕೊನೆಗೆ ಓವರ್‌ಟೈಮಿನಲ್ಲಿ 128-122ರಿಂದ ಸೋತಿತು. ಅದು ಸತತ 28ನೇ ಸೋಲು, ಒಂದೇ ಸೀಸನ್ನಿನ ಎನ್‌ಬಿಎ ದಾಖಲೆ. ಮೊದಲಾರ್ಧದ ಆಟ ನಂಬಿ ಪುಟ ಮುಚ್ಚಬೇಡಿ ಅನ್ನುವುದಕ್ಕೆ ಇದಕ್ಕಿಂತ ಉದಾಹರಣೆ ಬೇಡ.

ನಾಲ್ಕನೆಯದು, ಕೊನೆಯ ಐದು ನಿಮಿಷ ಯಾವ ಐವರು ಅಂಕಣದಲ್ಲಿದ್ದರು. ಬರೀ ಹೆಸರು ಬರೆದಿಡಿ. ಹತ್ತು ಪಂದ್ಯ ಆದ ಮೇಲೆ ಕೋಚ್ ಬ್ರಯನ್ ಕೀಫ್ ಯಾರನ್ನು ನಂಬುತ್ತಾರೆ, ಯಾರಿಗೆ ಪಾಠ ಹೇಳಿಕೊಡುತ್ತಿದ್ದಾರೆ ಅಂತ ಆ ಕಾಲಂ ತಾನೇ ಹೇಳುತ್ತದೆ.

ಅಲೆಕ್ಸ್ ಸಾರ್ ಬಗ್ಗೆ ಪ್ರತ್ಯೇಕವಾಗಿ. 2024ರ ಡ್ರಾಫ್ಟಿನ ಎರಡನೇ ಆಯ್ಕೆ, ಏಳಡಿ ಎತ್ತರ. ಅವನ ಪಾಯಿಂಟ್ ಎಣಿಸುವ ಬದಲು ಸ್ಕ್ರೀನ್ ನೋಡಿ, ಅಂದರೆ ಚೆಂಡು ಹಿಡಿದ ನಮ್ಮ ಗಾರ್ಡನ್ನು ಕಾಯುವವನಿಗೆ ಅಡ್ಡ ನಿಲ್ಲುವುದನ್ನು. ಸ್ಕ್ರೀನ್ ಇಡಲು ಬಂದಾಗ ಅವನ ಮೈ ಎದುರಾಳಿ ಗಾರ್ಡಿಗೆ ನಿಜವಾಗಿ ತಾಗುತ್ತದೋ, ತಾಗುವ ಮೊದಲೇ ಬುಟ್ಟಿಯ ಕಡೆ ಜಾರುತ್ತಾನೋ? ತಾಗದಿದ್ದರೆ ಎದುರಾಳಿ ಗಾರ್ಡ್ ನಮ್ಮ ಗಾರ್ಡಿಗೆ ಅಂಟಿಕೊಂಡೇ ಇರುತ್ತಾನೆ, ಅವರ ಬಿಗ್ (ಬುಟ್ಟಿ ಕಾಯುವ ಎತ್ತರದ ಆಟಗಾರ) ತನ್ನ ಜಾಗ ಬಿಟ್ಟು ಬರಬೇಕಾಗುವುದಿಲ್ಲ, ನಮ್ಮವರು ಯಾರೂ ಕಾವಲಿಲ್ಲದೆ ಖಾಲಿಯಾಗುವುದಿಲ್ಲ. ಶಾಟ್ ಕ್ಲಾಕಿನಲ್ಲಿ (ಶಾಟ್ ಹೊಡೆಯಲು ಇರುವ ಸಮಯದ ಗಡಿಯಾರ) ಐದಾರು ಸೆಕೆಂಡ್ ಉಳಿದಾಗ ದೂರದಿಂದ ಒಂದು ಕಷ್ಟದ ಜಂಪರ್. ಟಿವಿಯಲ್ಲಿ ಅದು ಗಾರ್ಡಿನ ಕೆಟ್ಟ ಶಾಟ್ ಥರ ಕಾಣುತ್ತದೆ. ತಪ್ಪು ಆಗಿದ್ದು ಹತ್ತು ಸೆಕೆಂಡ್ ಮೊದಲು, ಸ್ಕ್ರೀನಿನಲ್ಲಿ.

ಒಂದು ಪಂದ್ಯ ನೋಡಿ ಯಾರನ್ನೂ ತಲೆ ಮೇಲೆ ಹೊರಬೇಡಿ, ಕೆಳಕ್ಕೂ ಹಾಕಬೇಡಿ. ಇದೇ ಅಲೆಕ್ಸ್ ಸಾರ್ 2024ರ ಸಮ್ಮರ್ ಲೀಗಿನ (ಸೀಸನ್ನಿಗೆ ಮುಂಚೆ ಹೊಸಬರು ಆಡುವ ಪಂದ್ಯಗಳು) ಒಂದು ಪಂದ್ಯದಲ್ಲಿ 15 ಶಾಟ್ ಹೊಡೆದು ಒಂದೂ ಹಾಕಲಿಲ್ಲ. ಅದೇ ಸೀಸನ್ ಕೊನೆಗೆ ಹೊಸಬರ ಮೊದಲ ಆಲ್-ರೂಕಿ ತಂಡದಲ್ಲಿ ಜಾಗ ಪಡೆದ.

ಕಾರ್ನರ್_ತ್ರೀ:

ಬಾಕ್ಸೌಟ್ ಸರ್, ನಾಲ್ಕು ಕಾಲಂ ಹಾಕಿ ಪ್ರೀ-ಸೀಸನ್ ಪಂದ್ಯದಲ್ಲೇ ಶುರುಮಾಡುತ್ತೇನೆ. ನೋಡಲಾಗದ ಪಂದ್ಯಗಳಿಗೆ ಬಾಕ್ಸ್ ಸ್ಕೋರಿನಿಂದ ಏನು ಲೆಕ್ಕ ಹಾಕಿಕೊಳ್ಳಲಿ? ಪ್ಲಸ್-ಮೈನಸ್ (ಆಟಗಾರ ಅಂಕಣದಲ್ಲಿದ್ದಾಗಿನ ಪಾಯಿಂಟ್ ವ್ಯತ್ಯಾಸ) ಸಾಕಾ?

ಬಾಕ್ಸೌಟ್_ಭಟ್:

ಒಂದು ಪಂದ್ಯದ ಪ್ಲಸ್-ಮೈನಸ್ ಬಿಟ್ಟೇಬಿಡಿ. ಜೊತೆಗೆ ಆಡಿದ ನಾಲ್ವರ ಪುಣ್ಯ ಪಾಪ ಎಲ್ಲ ಅದರಲ್ಲಿ ಸೇರಿಕೊಂಡಿರುತ್ತದೆ.

ಲೆಕ್ಕ ಹಾಕಬೇಕಾದ್ದು 100 ಪೊಸೆಷನ್ನಿಗೆ (ಚೆಂಡು ತಂಡದ ಕೈಗೆ ಬಂದು ಹೋಗುವವರೆಗಿನ ಒಂದೊಂದು ಸರದಿ) ಎಷ್ಟು ಪಾಯಿಂಟ್ ಅಂತ. ಪೊಸೆಷನ್ ಅಂದಾಜಿಗೆ ಸೂತ್ರ ಇದೆ: ಹೊಡೆದ ಶಾಟ್‌ಗಳಿಗೆ ಫ್ರೀ ಥ್ರೋಗಳ 0.44 ಪಾಲನ್ನು ಕೂಡಿ, ಆಫೆನ್ಸಿವ್ ರೀಬೌಂಡ್ (ತಮ್ಮದೇ ತಪ್ಪಿದ ಶಾಟಿನ ಚೆಂಡನ್ನು ತಾವೇ ಹಿಡಿದದ್ದು) ಕಳೆದು, ಟರ್ನೋವರ್ ಕೂಡಿ. ಉದಾಹರಣೆಗೆ 88 ಶಾಟ್, 22 ಫ್ರೀ ಥ್ರೋ, 10 ಆಫೆನ್ಸಿವ್ ರೀಬೌಂಡ್, 15 ಟರ್ನೋವರ್ ಇದ್ದರೆ 88 + 9.7 − 10 + 15, ಅಂದರೆ ಸುಮಾರು 102.7 ಪೊಸೆಷನ್. ತಂಡ 112 ಪಾಯಿಂಟ್ ಗಳಿಸಿದ್ದರೆ 100ಕ್ಕೆ 109. ಎದುರಾಳಿಗೂ ಇದೇ ಲೆಕ್ಕ ಹಾಕಿ ಕಳೆದರೆ ನೆಟ್ ರೇಟಿಂಗ್ ಬರುತ್ತದೆ. ವಿಜರ್ಡ್ಸ್ ವೇಗವಾಗಿ ಆಡುವ ತಂಡ, 125 ಪಾಯಿಂಟ್ ಬಿಟ್ಟುಕೊಟ್ಟರು ಅಂದ ಮಾತ್ರಕ್ಕೆ ಡಿಫೆನ್ಸ್ ಎಷ್ಟು ಕೆಟ್ಟಿತ್ತು ಅಂತ ಗೊತ್ತಾಗುವುದಿಲ್ಲ. ಅದಕ್ಕೇ ಈ ಭಾಗಾಕಾರ ಬೇಕು.

ಆಟಗಾರನಿಗೆ ಎಫೆಕ್ಟಿವ್ ಶೂಟಿಂಗ್ ಹಾಕಿ: ಬಿದ್ದ ಶಾಟ್‌ಗಳ ಜೊತೆ ಬಿದ್ದ ಮೂರು ಪಾಯಿಂಟಿನ ಶಾಟ್‌ಗಳ ಅರ್ಧ ಸೇರಿಸಿ, ಒಟ್ಟು ಹೊಡೆದದ್ದರಿಂದ ಭಾಗಿಸಿ. 18ರಲ್ಲಿ 6 ಹಾಕಿ, ಅದರಲ್ಲಿ 2 ಮೂರು ಪಾಯಿಂಟಿನವು ಆದರೆ 7 ಭಾಗ 18, ಶೇ. 39. ಫ್ರೀ ಥ್ರೋ ಸೇರಿ ಅವನು 18 ಪಾಯಿಂಟ್ ಗಳಿಸಿದ ಅಂತ ಹೆಡ್ಡಿಂಗ್ ಬಂದಿದ್ದರೂ ತಂಡಕ್ಕೆ ಅದು ನಷ್ಟದ ರಾತ್ರಿಯೇ. ಸೋಲುವ ತಂಡದಲ್ಲಿ ಯಾರಾದರೂ ಶಾಟ್ ಹೊಡೆಯಲೇಬೇಕು, ಹಾಗಾಗಿ ಬರೀ ಪಾಯಿಂಟಿಗೆ ಮೋಸಹೋಗುವುದು ಇಲ್ಲಿ ಬಹಳ ಸುಲಭ.

ಹತ್ತು ಪಂದ್ಯಕ್ಕೊಮ್ಮೆ ಸರಾಸರಿ ಬರೆದಿಡಿ. 82 ಪಂದ್ಯಕ್ಕೆ ಎಂಟು ಸಾಲು ಬರುತ್ತವೆ. ಆ ಎಂಟು ಸಾಲು ಒಂದರ ಕೆಳಗೊಂದು ಇಟ್ಟು ನೋಡಿದಾಗ ಗೆಲುವು-ಸೋಲಿನ ಪಟ್ಟಿಯಲ್ಲಿ ಕಾಣದ್ದು ಕಾಣುತ್ತದೆ.

ಲಾಟರಿ_ಲೆಕ್ಕಿಗ (ಹುಬ್ಬಳ್ಳಿ):

ಲಾಟರಿ ಎಷ್ಟು ಬೇಕು ಅಂದರೆ, ವಿಜರ್ಡ್ಸ್ ವಿಷಯದಲ್ಲಿ ಈ ವರ್ಷ ಬಹಳ ಬೇಕು.

2019ರಿಂದ ಇರುವ ಪದ್ಧತಿಯಲ್ಲಿ 1ರಿಂದ 14ರವರೆಗಿನ ಚೆಂಡುಗಳಲ್ಲಿ ನಾಲ್ಕನ್ನು ತೆಗೆಯುತ್ತಾರೆ. 1001 ಜೋಡಣೆ ಸಾಧ್ಯ, ಅದರಲ್ಲಿ 1000ವನ್ನು ತಂಡಗಳಿಗೆ ಹಂಚಿರುತ್ತಾರೆ. ಕಟ್ಟಕಡೆಯ ಮೂರು ತಂಡಕ್ಕೂ ತಲಾ 140, ಅಂದರೆ ಮೊದಲ ಪಿಕ್ (ಡ್ರಾಫ್ಟಿನಲ್ಲಿ ಆಟಗಾರನನ್ನು ಆರಿಸುವ ಸರದಿ) ಸಿಗುವ ಸಾಧ್ಯತೆ ಮೂವರಿಗೂ ಶೇ. 14. ನಾಲ್ಕನೆಯದಕ್ಕೆ 12.5, ಐದನೆಯದಕ್ಕೆ 10.5, ಹೀಗೆ ಇಳಿಯುತ್ತದೆ. ಚೀಟಿ ಎತ್ತುವುದು ಮೊದಲ ನಾಲ್ಕು ಸ್ಥಾನಕ್ಕೆ ಮಾತ್ರ, ಉಳಿದದ್ದು ಸೋಲಿನ ಕ್ರಮದಲ್ಲಿ. ಆದ್ದರಿಂದ ಕಟ್ಟಕಡೆಯ ತಂಡ ಐದಕ್ಕಿಂತ ಕೆಳಗೆ ಹೋಗುವುದಿಲ್ಲ. ಆದರೆ ಐದಕ್ಕೇ ಬೀಳುವ ಸಾಧ್ಯತೆ ಶೇ. 47.9! 2023 ಮತ್ತು 2024ರಲ್ಲಿ ಪಿಸ್ಟನ್ಸಿಗೆ, 2025ರಲ್ಲಿ ಯೂಟಾ ಜಾಝ್‌ಗೆ ಆದದ್ದು ಅದೇ. 2019ರಿಂದ 2025ರವರೆಗೆ ಏಳು ಲಾಟರಿಯಲ್ಲಿ ಕಟ್ಟಕಡೆಯ ತಂಡಕ್ಕೆ ಮೊದಲ ಪಿಕ್ ಒಮ್ಮೆಯೂ ಸಿಕ್ಕಿಲ್ಲ. 2025ರಲ್ಲಿ ಬರೀ ಶೇ. 1.8 ಸಾಧ್ಯತೆ ಇದ್ದ ಡಲ್ಲಾಸ್ ಮೊದಲ ಪಿಕ್ ಪಡೆದು ಕೂಪರ್ ಫ್ಲಾಗ್‌ನನ್ನು ಎತ್ತಿಕೊಂಡಿತು. ಎರಡನೇ ಕಡೆಯ ಸ್ಥಾನದಲ್ಲಿದ್ದ ವಿಜರ್ಡ್ಸ್ ಆರಕ್ಕೆ ಜಾರಿ ಟ್ರೇ ಜಾನ್ಸನ್‌ನನ್ನು ಪಡೆಯಿತು.

ಈಗ ಈ ವರ್ಷದ ಗಂಟು. ವಿಜರ್ಡ್ಸ್‌ನ 2026ರ ಮೊದಲ ಸುತ್ತಿನ ಪಿಕ್ ನ್ಯೂಯಾರ್ಕ್ ನಿಕ್ಸ್‌ಗೆ ಹೋಗಬೇಕಾದ ಬಾಕಿ, ಆದರೆ 1ರಿಂದ 8ರವರೆಗೆ ರಕ್ಷಣೆ ಇದೆ. ಎಂಟರೊಳಗೆ ಬಂದರೆ ಅದು ನಮ್ಮದೇ, ನಿಕ್ಸ್‌ಗೆ ಎರಡು ಎರಡನೇ ಸುತ್ತಿನ ಪಿಕ್ ಕೊಟ್ಟು ಸಾಲ ತೀರಿತು. ಒಂಬತ್ತಕ್ಕೆ ಬಿದ್ದರೆ ಪಿಕ್ ನ್ಯೂಯಾರ್ಕಿಗೆ. ಕಡೆಯಿಂದ ನಾಲ್ಕರೊಳಗೆ ಮುಗಿಸಿದರೆ ಎಂಟಕ್ಕಿಂತ ಕೆಳಗೆ ಬೀಳಲು ಸಾಧ್ಯವೇ ಇಲ್ಲ, ಪೂರ್ಣ ಭದ್ರ. ಕಡೆಯಿಂದ ಐದನೆಯವರಾದರೆ ಕಳೆದುಕೊಳ್ಳುವ ಅಪಾಯ ಶೇ. 0.6. ಎಂಟನೆಯವರಾದರೆ ಸುಮಾರು 39. ಒಂಬತ್ತನೆಯವರಾದರೆ ಉಳಿಯುವ ಸಾಧ್ಯತೆಯೇ ಶೇ. 20. ಮಾರ್ಚಿನಲ್ಲಿ ತಂಡದ ನಿರ್ಧಾರಗಳು ವಿಚಿತ್ರವಾಗಿ ಕಂಡರೆ ಈ ಅಂಕಿಗಳನ್ನು ಪಕ್ಕದಲ್ಲಿಟ್ಟು ನೋಡಿ.

ತಾರೀಖುಗಳೂ ಗುರುತುಹಾಕಿಕೊಳ್ಳಿ. ಜನವರಿ 5ರಿಂದ ಹತ್ತು ದಿನದ ಒಪ್ಪಂದಗಳು ಶುರು. ಜನವರಿ 10ಕ್ಕೆ ಎಲ್ಲ ಒಪ್ಪಂದಗಳ ಹಣ ಖಾತ್ರಿಯಾಗುತ್ತದೆ, ಅದಕ್ಕೂ ಮೊದಲು ಬೆಂಚಿನ ಕೊನೆಯಲ್ಲಿ ಕುಳಿತವರನ್ನು ಬಿಡುತ್ತಾರೆ. ಫೆಬ್ರವರಿ 5 ಟ್ರೇಡ್ (ತಂಡಗಳ ನಡುವೆ ಆಟಗಾರರ ಅದಲುಬದಲು) ಗಡುವು. ತಂಡದ ಹಿರಿಯರಾದ ಸಿ.ಜೆ. ಮೆಕಾಲಮ್, ಕ್ರಿಸ್ ಮಿಡಲ್ಟನ್ ಇಬ್ಬರ ದೊಡ್ಡ ಒಪ್ಪಂದಗಳೂ ಈ ಸೀಸನ್ನಿಗೇ ಮುಗಿಯುವುದರಿಂದ ಅಲ್ಲಿಯವರೆಗೆ ಅವರ ಸುತ್ತ ಸುದ್ದಿ ಇದ್ದೇ ಇರುತ್ತದೆ. ಮಾರ್ಚ್ 1ರ ನಂತರ ಬಿಡುಗಡೆಯಾದವರು ಬೇರೆ ತಂಡದ ಪರ ಪ್ಲೇಆಫ್ ಆಡುವಂತಿಲ್ಲ. ಹಿರಿಯರು ಹೊರಡುವುದಾದರೆ ಅದರೊಳಗೆ. ಟೂ-ವೇ ಒಪ್ಪಂದದ (ಕೆಳಗಿನ ಲೀಗಿನಲ್ಲೂ ಆಡುವ) ಮೂವರು ತಲಾ 50 ಪಂದ್ಯದವರೆಗೆ ಮಾತ್ರ ತಂಡದಲ್ಲಿ ಇರಬಹುದು, ಹಾಗಾಗಿ ಅವರಲ್ಲೊಬ್ಬರಿಗೆ ಪೂರ್ಣ ಒಪ್ಪಂದ ಸಿಕ್ಕರೆ ಅದು ದೊಡ್ಡ ಸುದ್ದಿ ಅಂತಲೇ ತಿಳಿಯಿರಿ.

ಪಿಸ್ಟನ್_ಪಾಟೀಲ (ಮಿಶಿಗನ್):

ಲೆಕ್ಕಿಗರ ಅಂಕಿಯಲ್ಲಿ ನನಗೆ ತಕರಾರಿಲ್ಲ. ಆದರೆ ಹೊಸಬರು ಡಿಸೆಂಬರಿನಲ್ಲೇ ಲಾಟರಿ ಪಟ್ಟಿ ತೆರೆದು ಕೂತರೆ ಆಟ ನೋಡುವ ಕಣ್ಣೇ ಹೋಗುತ್ತದೆ. ನಮ್ಮ ತಂಡ ಸೋಲಲಿ ಅಂತ ಬಯಸುತ್ತ 82 ಪಂದ್ಯ ನೋಡಲು ಆಗುವುದಿಲ್ಲ. ಪಿಸ್ಟನ್ಸ್ ಉದಾಹರಣೆಯನ್ನೇ ಪೂರ್ತಿ ನೋಡಿ.

2023-24: 14 ಗೆಲುವು, 68 ಸೋಲು. ಮೊದಲ ಮೂರರಲ್ಲಿ ಎರಡು ಗೆದ್ದು, ಆಮೇಲೆ 28 ಸೋಲು. ಸರಣಿ ಮುರಿದದ್ದು ಡಿಸೆಂಬರ್ 30ರಂದು, ಟೊರಾಂಟೊ ವಿರುದ್ಧ 129-127. ಆ ಸೋಲುಗಳ ಬೇರು ಬಹುತೇಕ ಒಂದೇ. ಒಟ್ಟಿಗೆ ಆಡಿದ ಐವರಲ್ಲಿ ದೂರದಿಂದ ಹೊಡೆಯುವವರು ಸಾಲದಾಗಿದ್ದರು. ಹೊಸಬ ಆಸಾರ್ ಥಾಂಪ್ಸನ್ ಆ ಸೀಸನ್ ಮೂರು ಪಾಯಿಂಟಿನ ಶಾಟ್‌ಗಳಲ್ಲಿ ಶೇ. 18.6 ಮಾತ್ರ ಹಾಕಿದ. ಅವನನ್ನು ಕಾಯಬೇಕಾದ ಎದುರಾಳಿ ಅವನನ್ನು ಬಿಟ್ಟು ಪೇಂಟಿನೊಳಗೆ (ಬುಟ್ಟಿಯ ಮುಂದಿನ ಜಾಗ) ನಿಲ್ಲುತ್ತಿದ್ದ. ತಂಡದ ಮುಖ್ಯ ಗಾರ್ಡ್ ಕೇಡ್ ಕನ್ನಿಂಗಮ್ ಒಳಗೆ ನುಗ್ಗಿದಾಗಲೆಲ್ಲ ಎದುರಿಗೆ ಇಬ್ಬರು-ಮೂವರು. ಪಾಸ್ ಹೋಗುತ್ತಿದ್ದುದು ಶಾಟ್ ಹಾಕಲಾಗದವನಿಗೆ, ಇಲ್ಲ ಎದುರಾಳಿಯ ಕೈಗೆ.

ಬದಲಾದದ್ದು ಏನು? ಲಾಟರಿ ಎರಡೂ ವರ್ಷ ಕೈಕೊಟ್ಟಿತ್ತು. 2024ರ ಬೇಸಿಗೆಯಲ್ಲಿ ಹೊಸ ಕೋಚ್ ಜೆ.ಬಿ. ಬಿಕರ್‌ಸ್ಟಾಫ್ ಬಂದರು. ಮಾಲಿಕ್ ಬೀಸ್ಲಿ, ಟೋಬಿಯಸ್ ಹ್ಯಾರಿಸ್, ಟಿಮ್ ಹಾರ್ಡವೇ ಜೂನಿಯರ್, ಅಂದರೆ ಶಾಟ್ ಹೊಡೆಯಬಲ್ಲ ಹಿರಿಯರು ಬಂದರು. ಬೀಸ್ಲಿ ಒಬ್ಬನೇ 319 ಮೂರು ಪಾಯಿಂಟಿನ ಶಾಟ್ ಹಾಕಿದ. ಕನ್ನಿಂಗಮ್‌ಗೆ ದಾರಿ ಬಿಟ್ಟಿತು. 2024-25ರಲ್ಲಿ 44 ಗೆಲುವು, ಪ್ಲೇಆಫ್. ಹಿಂದಿನ ವರ್ಷದ ಕತ್ತಲಲ್ಲೂ ಕನ್ನಿಂಗಮ್ ಸರಿಯಾದ ಪಾಸ್ ಕೊಡುತ್ತಿದ್ದಾನೆ, ಹಾಕುವವರಿಲ್ಲ ಅಂತ ನೋಟ್‌ಬುಕ್ಕಿನಲ್ಲಿ ಬರೆದುಕೊಂಡವರಿಗೆ ಈ ಜಿಗಿತದ ಅರ್ಧ ಮೊದಲೇ ಕಂಡಿತ್ತು.

ಆದ್ದರಿಂದ ವಿಜರ್ಡ್ಸ್‌ನಲ್ಲೂ ಇದೇ ನೋಡಿ. ಬಬ್ ಕ್ಯಾರಿಂಗ್ಟನ್ (ಮೊದಲ ವರ್ಷವೇ 82ಕ್ಕೆ 82 ಪಂದ್ಯ ಆಡಿದವನು), ಕೈಶಾನ್ ಜಾರ್ಜ್, ಬಿಲಾಲ್ ಕುಲಿಬಾಲಿ ಇವರ ಪಾಸಿನಿಂದ ಖಾಲಿ (ಎದುರಾಳಿಯ ತಡೆ ಇಲ್ಲದ) ಶಾಟ್ ಎಷ್ಟು ಹುಟ್ಟುತ್ತಿವೆ ಎಣಿಸಿ. ಬಿತ್ತೋ ಇಲ್ಲವೋ ಆಮೇಲೆ. ಖಾಲಿ ಶಾಟ್ ಹುಟ್ಟುತ್ತಿದ್ದು ಬೀಳದಿದ್ದರೆ ಒಬ್ಬ ಶೂಟರ್ ತಂದರೆ ಸಾಕು, ಹುಟ್ಟುತ್ತಲೇ ಇಲ್ಲದಿದ್ದರೆ ಕೆಲಸ ಇನ್ನೂ ದೂರ ಇದೆ.

ಆರ್‌ಸಿಬಿ ಅಭಿಮಾನದ ತಾಳ್ಮೆಯನ್ನು ಇಲ್ಲಿಗೆ ತಂದು ಹೋಲಿಸುವವರಿದ್ದಾರೆ. ಹದಿನೆಂಟು ಸೀಸನ್ ಕಾದ ಪ್ರೀತಿ ದೊಡ್ಡದೇ. ಆದರೆ ಐಪಿಎಲ್‌ನಲ್ಲಿ ಹರಾಜು ಬಂದಾಗ ಎಲ್ಲರೂ ಒಂದೇ ಅಂಗಡಿಗೆ ಹೋಗುತ್ತಾರೆ. ಇಲ್ಲಿ ಒಬ್ಬ ಹತ್ತೊಂಬತ್ತರ ಹುಡುಗನನ್ನು ತಂದು ನಾಲ್ಕು ವರ್ಷ ಬೆಳೆಸಬೇಕು. ಕಾಯುವ ಬಗೆಯೇ ಬೇರೆ.

ಚೈನಾಟೌನ್_ಮೆಟ್ರೊ (ವರ್ಜೀನಿಯಾ):

ವಾಷಿಂಗ್ಟನ್ ಸುತ್ತಮುತ್ತ ಇರುವ ಕನ್ನಡದವರಿಗೆ ಎರಡು ಮಾತು ಸೇರಿಸುತ್ತೇನೆ. ಇಲ್ಲಿ ಲೀಗ್ ಪಾಸ್ ಕೊಂಡರೆ ವಿಜರ್ಡ್ಸ್ ಪಂದ್ಯಗಳೇ ನೇರ ಬರುವುದಿಲ್ಲ. ಸ್ಥಳೀಯ ತಂಡ ಅಂತ ತಡೆ ಇರುತ್ತದೆ, ಮಾನ್ಯುಮೆಂಟಲ್ ಸ್ಪೋರ್ಟ್ಸ್ ನೆಟ್‌ವರ್ಕ್ ಬೇಕು.

ಅಂಗಣಕ್ಕೆ ಹೋಗುವವರು ವಾರದ ನಡುವೆ, ದೊಡ್ಡ ಹೆಸರಿಲ್ಲದ ಎದುರಾಳಿ ಬಂದ ದಿನ ಹೋಗಿ. ಮರುಮಾರಾಟದ ಟಿಕೆಟ್ ಬೆಲೆ ಪಂದ್ಯಕ್ಕೆ ಒಂದೆರಡು ಗಂಟೆ ಮೊದಲು ಇಳಿಯುತ್ತದೆ. ಗ್ಯಾಲರಿ ಪ್ಲೇಸ್-ಚೈನಾಟೌನ್ ಮೆಟ್ರೊ ಸ್ಟೇಷನ್ ಅಂಗಣದ ಬುಡದಲ್ಲೇ ಇದೆ, ಕಾರು ತರಬೇಡಿ. ಬಾಗಿಲು ತೆರೆದ ಕೂಡಲೇ ಒಳಗೆ ಹೋಗಿ ಕೆಳಗಿನ ಸಾಲಿನ ಹತ್ತಿರ ನಿಲ್ಲಿ. ಎಳೆಯ ಆಟಗಾರರು ಒಬ್ಬೊಬ್ಬರಾಗಿ ಸಹಾಯಕ ಕೋಚ್ ಜೊತೆ ಅಭ್ಯಾಸ ಮಾಡುತ್ತಿರುತ್ತಾರೆ. ಒಂದೇ ಕಾರ್ನರಿನಿಂದ ಒಂದೇ ಶಾಟ್, ಪ್ರತಿ ಸಲ ಕಾಲು ಇಡುವ ಜಾಗ ತಿದ್ದಿಸಿಕೊಳ್ಳುತ್ತ. ಯಾವ ಹುಡುಗನಿಗೆ ಏನು ಕಲಿಸುತ್ತಿದ್ದಾರೆ ಅಂತ ಟಿವಿಯಲ್ಲಿ ಎಂದೂ ತೋರಿಸುವುದಿಲ್ಲ, ಇಲ್ಲಿ ಹತ್ತು ಅಡಿ ದೂರದಲ್ಲಿ ಕಾಣುತ್ತದೆ.

ಕಾರ್ನರ್_ತ್ರೀ:

ಎಲ್ಲರಿಗೂ ಧನ್ಯವಾದ. ಲಾಟರಿ ಪಟ್ಟಿಯನ್ನು ಫೆಬ್ರವರಿ 5ರವರೆಗೆ ತೆರೆಯುವುದಿಲ್ಲ. ನಾಲ್ಕು ಕಾಲಮ್ಮಿನ ಜೊತೆ ‘ಖಾಲಿ ಶಾಟ್’ ಅಂತ ಐದನೆಯದು ಸೇರಿಸಿದೆ. ರಾತ್ರಿ 10ಕ್ಕೆ ಗಾಯಾಳುಗಳ ವರದಿ, ಬೆಳಗ್ಗೆ 5:15ಕ್ಕೆ ಅಲಾರಂ.

ಮುಂಜಾನೆ_ಟಿಪಾಫ್:

ನನ್ನ ಮಾತಿಗೆ ಒಂದು ತಿದ್ದುಪಡಿ. ಸತತ ಎರಡು ದಿನದ ಪಂದ್ಯಗಳಲ್ಲಿ ಎರಡನೆಯದರ ವರದಿ ಹಿಂದಿನ ದಿನ ಬರುವುದಿಲ್ಲ, ಪಂದ್ಯದ ದಿನವೇ ಅಲ್ಲಿಯ ಮಧ್ಯಾಹ್ನ 1ರೊಳಗೆ ಕೊಡುತ್ತಾರೆ. ಚಳಿಗಾಲದಲ್ಲಿ ಅದು ನಮಗೆ ರಾತ್ರಿ 11:30. ಹಿರಿಯರನ್ನು ಕೂರಿಸುವುದು ಹೆಚ್ಚಾಗಿ ಅದೇ ಎರಡನೇ ದಿನ, ಹಾಗಾಗಿ 10ಕ್ಕೆ ನೋಡಿದ ಪಟ್ಟಿ ನಂಬಿ ಮಲಗಬೇಡಿ. ಅಲಾರಂ 5:15 ಅಂದಿರಲ್ಲ, ನವೆಂಬರ್ 2ರವರೆಗೆ 4:15ಕ್ಕೆ ಇಡಿ.